ಸ್ಲೇಟ್ ಪೂಲ್ ಟೇಬಲ್ ಜಾಗ ಬದಲಿಸುವುದು: ಜಾರಿಸಬೇಕೋ, ಬಿಚ್ಚಬೇಕೋ, ಕೂರಿಸುವವರನ್ನು ಕರೆಸಬೇಕೋ?

ಬಟ್ಟೆಯ ಅಡಿಯಲ್ಲಿ ಸ್ಲೇಟ್ ಕಲ್ಲಿನ ಚಪ್ಪಡಿ ಹಾಸಿದ ಪೂಲ್ ಟೇಬಲ್ ಸರಿಸುವ ಮಾತು ಬಂದ ಕೂಡಲೇ ಎಲ್ಲರೂ ಭಾರದ ಲೆಕ್ಕಕ್ಕೆ ಇಳಿಯುತ್ತಾರೆ. ಎಂಟು ಜನ ಸೇರಿದರೆ ಎತ್ತಬಹುದಲ್ಲ ಅಂತ ಕೇಳುತ್ತಾರೆ. ಎತ್ತಬಹುದು, ತೊಂದರೆ ಶುರುವಾಗುವುದು ಇಳಿಸಿದ ಮೇಲೆ. ಆ ಹೊತ್ತಿಗೆ ಕಾಲಿನ ಬೋಲ್ಟ್ ಸಡಿಲವಾಗಿರುತ್ತದೆ, ಚಪ್ಪಡಿಗಳ ನಡುವಿನ ಸಂದಿಗೆ ತುಂಬಿದ ಮೇಣ ಬಿರುಕು ಬಿಟ್ಟಿರುತ್ತದೆ, ಮೆಲ್ಲಗೆ ಉರುಳಿಸಿದ ಚೆಂಡು ಕೊನೆಯ ಒಂದಡಿಯಲ್ಲಿ ತನ್ನಷ್ಟಕ್ಕೆ ಎಡಕ್ಕೆ ತಿರುಗುತ್ತದೆ. ಈ ಕೆಲಸದಲ್ಲಿ ಸಾಗಾಟ ಸಣ್ಣ ಪಾಲು. ಹೊಸ ಜಾಗದಲ್ಲಿ ಮಟ್ಟ ಹಿಡಿದು ಕೂರಿಸಿ ಬಟ್ಟೆ ಎಳೆಯುವುದೇ ದೊಡ್ಡ ಪಾಲು. ಖರ್ಚು ಉಳಿಸುವುದಾದರೆ ಹೊರುವುದರಲ್ಲಿ ಉಳಿಸಿ, ಕೂರಿಸುವುದರಲ್ಲಿ ಬೇಡ. ಕೆಳಗಿನ ಆಯ್ಕೆಗಳನ್ನೆಲ್ಲ ತೂಗಿರುವುದು ಈ ಲೆಕ್ಕದಲ್ಲೇ.

ಮೊದಲು ಟೇಬಲ್ ಕೆಳಗೆ ಮಲಗಿ ನೋಡಿ

ಟಾರ್ಚ್ ಹಿಡಿದು ಟೇಬಲ್ ಅಡಿಗೆ ಹೋಗಿ, ಮೇಲೆ ನೋಡಿ. ಬೂದು ಬಣ್ಣದ ತಣ್ಣನೆಯ ಕಲ್ಲು ಕಂಡರೆ ಸ್ಲೇಟ್. ಕೆಲವು ಟೇಬಲ್‌ಗಳಲ್ಲಿ ಕಲ್ಲಿನ ಅಡಿಗೆ ಮರದ ಪಟ್ಟಿ ಅಂಟಿಸಿರುತ್ತಾರೆ; ಅಂಥ ಕಡೆ ಚೆಂಡು ಬೀಳುವ ಪಾಕೆಟ್ ತೂತಿನೊಳಗೆ ಬೆರಳು ಹಾಕಿದರೆ ಕಲ್ಲಿನ ಅಂಚು ಸಿಗುತ್ತದೆ. ಎಲ್ಲೂ ಕಲ್ಲೇ ಇಲ್ಲ, ಬರೀ ಮರದ ಪುಡಿಯ ಹಲಗೆ ಅಂತಾದರೆ ಈ ಬರಹದ ಹೆಚ್ಚಿನ ಭಾಗ ನಿಮಗೆ ಬೇಕಿಲ್ಲ. ನಾಲ್ಕು ಜನ ಸೇರಿ ಎತ್ತಿ ಮುಗಿಸಿ.

ಕಲ್ಲಿದ್ದರೆ ಅದು ಒಂದೇ ಚಪ್ಪಡಿಯೋ ಮೂರು ತುಂಡೋ ನೋಡಿಕೊಳ್ಳಿ. ಅಗಲಕ್ಕೆ ಅಡ್ಡವಾಗಿ ಎರಡು ಗೆರೆ ಕಂಡರೆ ಮೂರು ತುಂಡು, ಗೆರೆಯೇ ಇಲ್ಲದಿದ್ದರೆ ಒಂದೇ ಚಪ್ಪಡಿ. ಮುಂದಿನ ಎಲ್ಲ ನಿರ್ಧಾರಕ್ಕೂ ಇದೇ ಬುಡ. ನಾಣ್ಯ ಹಾಕಿ ಆಡುವ 7 ಅಡಿಯ ಟೇಬಲ್‌ಗಳು ಸಾಮಾನ್ಯವಾಗಿ ಒಂದೇ ಚಪ್ಪಡಿಯವು. ಮನೆಗೆಂದೇ ಮಾಡಿದ 8 ಅಡಿ, 9 ಅಡಿಯವು ಬಹುಪಾಲು ಮೂರು ತುಂಡಿನವು.

ತೂಕ ಲೆಕ್ಕ ಹಾಕುವುದು ಸುಲಭ. 25 ಮಿಲಿಮೀಟರ್ ದಪ್ಪದ ಸ್ಲೇಟ್ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 70 ಕಿಲೋ, 22 ಮಿಮೀ ಆದರೆ 60, 19 ಮಿಮೀ ಆದರೆ 52. ಆಡುವ ಜಾಗಕ್ಕಿಂತ ಕಲ್ಲು ಸುತ್ತಲೂ ಒಂದಿಷ್ಟು ದೊಡ್ಡದಿರುತ್ತದೆ, ಏಕೆಂದರೆ ರಬ್ಬರ್ ಅಂಟಿಸಿದ ಮರದ ಅಂಚುಪಟ್ಟಿಗಳು, ಅಂದರೆ ರೇಲ್‌ಗಳು, ಅದರ ಮೇಲೆಯೇ ಕೂರುತ್ತವೆ. 8 ಅಡಿ ಟೇಬಲ್‌ನ ಆಡುವ ಜಾಗ 112 × 224 ಸೆಂಟಿಮೀಟರ್. ಕಲ್ಲು ಮೂರು ಚದರ ಮೀಟರ್ ದಾಟುತ್ತದೆ; 25 ಮಿಮೀ ದಪ್ಪವಾದರೆ ಕಲ್ಲೊಂದೇ 210 ಕಿಲೋ ಆಸುಪಾಸು, ಮೂರು ತುಂಡಾದರೆ ತಲಾ 70. 9 ಅಡಿಯದರಲ್ಲಿ ಒಂದೊಂದು ತುಂಡೂ 90 ಕಿಲೋ ಹತ್ತಿರ. ಮರ, ಕಾಲು, ರೇಲ್ ಸೇರಿ 8 ಅಡಿಯ ಇಡೀ ಟೇಬಲ್ 300ರಿಂದ 450 ಕಿಲೋ ತೂಗುತ್ತದೆ. 12 ಅಡಿ ಸ್ನೂಕರ್ ಟೇಬಲ್ ಇದ್ದವರು ನೇರವಾಗಿ ಟೇಬಲ್ ಕೂರಿಸುವ ಕಸುಬಿನವರಿಗೆ ಫೋನ್ ಮಾಡಿ: ಅಲ್ಲಿ ಐದು ತುಂಡು, ಒಂದೊಂದೂ 150 ಕಿಲೋ ಮೇಲೆ, ಮನೆಮಂದಿ ಕೈಹಾಕುವ ಕೆಲಸವಲ್ಲ.

ಯಾವುದರಿಂದ ಅಳೆಯಬೇಕು

ದಾರಿ ಮುಖ್ಯ. ಅದೇ ಕೋಣೆಯೊಳಗೆ ಎರಡಡಿಯೋ, ಅದೇ ಮಹಡಿಯ ಇನ್ನೊಂದು ಕೋಣೆಯೋ, ಮೆಟ್ಟಿಲು ಇಳಿಸಬೇಕೋ, ಬೇರೆ ಮನೆಗೋ? ಬಾಗಿಲಿನ ಅಗಲವನ್ನೂ ಮೆಟ್ಟಿಲು ತಿರುಗುವ ಜಾಗವನ್ನೂ ಅಳೆದಿಟ್ಟುಕೊಳ್ಳಿ.

ಎರಡನೆಯದು ಬಟ್ಟೆಯ ವಯಸ್ಸು. ಮೂರು ತುಂಡಿನ ಟೇಬಲ್ ಬಿಚ್ಚಬೇಕಾದರೆ ಬಟ್ಟೆ ತೆಗೆಯಲೇಬೇಕು, ಕಲ್ಲನ್ನು ಚೌಕಟ್ಟಿಗೆ ಹಿಡಿದ ಸ್ಕ್ರೂಗಳು ಅದರ ಅಡಿಯಲ್ಲಿವೆ. ಬಟ್ಟೆಯನ್ನು ಸ್ಟೇಪಲ್ ಪಿನ್ ಹೊಡೆದು ಕೂರಿಸಿದ್ದರೆ, ಇನ್ನೂ ಹೊಸದಾಗಿದ್ದರೆ, ನಾಜೂಕಾಗಿ ತೆಗೆದು ಮತ್ತೆ ಹಾಕಬಹುದು. ಅಂಟು ಹಾಕಿ ಕೂರಿಸಿದ್ದರೆ ಎಳೆಯುವಾಗ ಹಿಗ್ಗುತ್ತದೆ, ಹಿಂದಿನ ಬಿಗಿ ಬರುವುದಿಲ್ಲ. ಹೇಗೂ ಒಂದೆರಡು ವರ್ಷದಲ್ಲಿ ಬಟ್ಟೆ ಬದಲಿಸುವುದಿದ್ದರೆ ಆ ಖರ್ಚನ್ನು ಈ ಸಾಗಾಟಕ್ಕೇ ಸೇರಿಸಿ. ಕೂರಿಸುವವರಿಗೆ ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ.

ಮೂರನೆಯದನ್ನು ಪ್ರಾಮಾಣಿಕವಾಗಿ ಉತ್ತರಿಸಿ: ಈ ಟೇಬಲ್ ಮೇಲೆ ಯಾರು ಆಡುತ್ತಾರೆ? ರಜೆಯಲ್ಲಿ ಮಕ್ಕಳು ಚೆಂಡು ತಳ್ಳುವುದಕ್ಕೆ ಒಂದು ಮಿಲಿಮೀಟರ್ ಓರೆ ಲೆಕ್ಕಕ್ಕಿಲ್ಲ. ಆಟವನ್ನು ಗಂಭೀರವಾಗಿ ತೆಗೆದುಕೊಂಡವರಿಗೆ ಅದು ದಿನಾ ಚುಚ್ಚುವ ಮುಳ್ಳು. ವಿಶ್ವ ಪೂಲ್ ಸಂಸ್ಥೆಯ ಮಾನದಂಡದಲ್ಲಿ ಇಡೀ ಹಾಸಿನ ಸಮತಟ್ಟು ಉದ್ದಕ್ಕೆ 0.508 ಮಿಮೀ, ಅಗಲಕ್ಕೆ 0.254 ಮಿಮೀ ಒಳಗಿರಬೇಕು. ಬಡಗಿಗಳ ಒಳ್ಳೆಯ ರಸಮಟ್ಟದ ನಿಖರತೆಯೇ ಒಂದು ಮೀಟರಿಗೆ ಅರ್ಧ ಮಿಮೀ. ಎಂದರೆ ಅದರಲ್ಲಿ ಗುಳ್ಳೆ ನಟ್ಟನಡುವೆ ನಿಂತರೂ 8 ಅಡಿ ಟೇಬಲ್‌ನ ಉದ್ದಕ್ಕೆ ಒಂದು ಮಿಮೀಗಿಂತ ಹೆಚ್ಚು ಓರೆ ಉಳಿದಿರಬಹುದು. ಯಂತ್ರ ಕೂರಿಸುವವರು ಬಳಸುವ, ಮೀಟರಿಗೆ 0.02 ಅಥವಾ 0.05 ಮಿಮೀ ತೋರಿಸುವ ಲೆವೆಲ್ ಬೇಕಾಗುವುದು ಇದಕ್ಕೇ.

ಉಳಿದದ್ದು ಕೈಗಳ ಸಂಖ್ಯೆ, ಸಲಕರಣೆ, ಹಣ. ಅದಕ್ಕೂ ಮೊದಲು ಹೊಸ ಕೋಣೆ ಸಾಲುತ್ತದೆಯೇ ಅಂತ ನೋಡಿ. ಚೆಂಡು ಹೊಡೆಯುವ ಕ್ಯೂ ಕೋಲು 147 ಸೆಂ.ಮೀ. ಉದ್ದ, ಆಡುವ ಜಾಗದ ನಾಲ್ಕೂ ಬದಿಗೆ ಅಷ್ಟು ಸೇರಿಸಿದರೆ 8 ಅಡಿ ಟೇಬಲ್‌ಗೆ ಕನಿಷ್ಠ 4.1 × 5.2 ಮೀಟರ್ ಖಾಲಿ ಜಾಗ ಬೇಕು. ಇಷ್ಟಿಲ್ಲದಿದ್ದರೆ ಸಾಗಿಸಿ ಏನು ಮಾಡುತ್ತೀರಿ?

ಎತ್ತದೆ ಜಾರಿಸುವುದು

ಅದೇ ಕೋಣೆಯೊಳಗೆ ಒಂದೆರಡು ಅಡಿ ಮಾತ್ರವಾದರೆ ಇದು ಸಾಕು, ಖರ್ಚೂ ಇಲ್ಲದಷ್ಟು ಕಡಿಮೆ. ಒಂದು ತುದಿಯಲ್ಲಿ ಚೌಕಟ್ಟಿನ ಗಟ್ಟಿ ಅಡ್ಡಮರದ ಅಡಿಗೆ ಕಾರಿನ ಜಾಕ್ ಇಟ್ಟು, ನಡುವೆ ಮರದ ತುಂಡು ಕೊಟ್ಟು, ಕಾಲು ನೆಲ ಬಿಡುವಷ್ಟು ಮಾತ್ರ ಏರಿಸಿ. ಕಾಲಿನ ಕೆಳಗೆ ಜಾರುಬಿಲ್ಲೆಯನ್ನೋ ಮಗುಚಿದ ದಪ್ಪ ಕಾರ್ಪೆಟ್ ತುಂಡನ್ನೋ ಸೇರಿಸಿ ಇಳಿಸಿ. ಆಮೇಲೆ ಇನ್ನೊಂದು ತುದಿ. ನಾಲ್ಕೂ ಆದ ಮೇಲೆ ನಾಲ್ವರು ಚೌಕಟ್ಟಿನ ತಳಭಾಗಕ್ಕೆ ಕೈಕೊಟ್ಟು ಒಟ್ಟಿಗೆ ನಿಧಾನಕ್ಕೆ ತಳ್ಳಬೇಕು.

ಕೆಡುವುದು ಎರಡು ಕಡೆ. ಜಾರುಬಿಲ್ಲೆ ಇಲ್ಲದೆ ಎಳೆದರೆ ಕಾಲು ನೆಲಕ್ಕೆ ಕಚ್ಚಿಕೊಂಡು, ಮೇಲಿನ ಅಷ್ಟೂ ಭಾರ ಕಾಲನ್ನು ಚೌಕಟ್ಟಿಗೆ ಹಿಡಿದ ಒಂದೆರಡು ಬೋಲ್ಟಿನ ಮೇಲೆ ಸನ್ನೆಗೋಲಿನಂತೆ ಬೀಳುತ್ತದೆ. ಬೋಲ್ಟು ಸೀಳುವುದೋ ಮರ ಸೀಳುವುದೋ, ಎರಡರಲ್ಲೊಂದು ಖಚಿತ. ಎರಡನೆಯದು ರೇಲ್ ಹಿಡಿದು ಎತ್ತುವುದು. ಕೈಗೆ ಸಲೀಸಾಗಿ ಸಿಗುವುದು ರೇಲ್ ಆದ್ದರಿಂದ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಅದು ಇಡೀ ಟೇಬಲ್ ಹೊರುವುದಕ್ಕೆ ಮಾಡಿದ್ದಲ್ಲ, ಬೋಲ್ಟು ಕೂತ ಒಳತಿರುಪು ಮರದಿಂದ ಕಿತ್ತುಬಂದರೆ ರೇಲ್ ಸಡಿಲವಾಗಿ ಚೆಂಡು ಸತ್ತಂತೆ ಪುಟಿಯುತ್ತದೆ.

ಎರಡೇ ಅಡಿ ಸರಿಸಿದರೂ ಮಟ್ಟ ಮತ್ತೆ ನೋಡಲೇಬೇಕು. ಯಾವ ನೆಲವೂ ಸಮತಟ್ಟಲ್ಲ.

ಟೇಬಲ್ ಟ್ರಾಲಿ

ಪೂಲ್ ಟೇಬಲ್‌ಗೆಂದೇ ಮಾಡಿದ ಚಕ್ರದ ಎತ್ತುಗೆಗಳಿವೆ. ಚೌಕಟ್ಟಿನ ಅಡಿಗೆ ಎರಡು ತುದಿಯಿಂದ ತೂರಿಸಿ ಹ್ಯಾಂಡಲ್ ಒತ್ತಿದರೆ ಟೇಬಲ್ ಒಂದೆರಡು ಅಂಗುಲ ಮೇಲೇಳುತ್ತದೆ, ಆಮೇಲೆ ಇಬ್ಬರೇ ತಳ್ಳಬಹುದು. ಕೋಣೆಯನ್ನು ಆಗಾಗ ಬೇರೆ ಕೆಲಸಕ್ಕೂ ಬಳಸುವವರಿಗೆ, ಟೇಬಲ್ ಗೋಡೆಗೆ ಸರಿಸಿ ಮತ್ತೆ ನಡುವಿಗೆ ತರುವವರಿಗೆ ಕೊಳ್ಳುವುದು ಲಾಭ. ಒಂದು ಸಲದ ಕೆಲಸಕ್ಕೆ ಬಾಡಿಗೆಗೆ ಸಿಕ್ಕರೆ ಸರಿ, ಇಲ್ಲದಿದ್ದರೆ ಅದೇ ಹಣ ಕೂರಿಸುವವರಿಗೆ ಕೊಡಿ.

ಮಿತಿಗಳು ಸ್ಪಷ್ಟ. ಇಡೀ ಟೇಬಲ್ ಸಾಮಾನ್ಯ ಬಾಗಿಲಲ್ಲಿ ಹೋಗದು. ಹೊಸಿಲು, ಮೆಟ್ಟಿಲು ದಾಟದು. 400 ಕಿಲೋ ಸಣ್ಣ ಚಕ್ರಗಳ ಮೇಲೆ ನಿಂತಾಗ ಮರದ ನೆಲದಲ್ಲಿ ಗುಳಿ ಬೀಳುತ್ತದೆ, ತೆಳು ಟೈಲ್ ಒಡೆಯುತ್ತದೆ. ದಾರಿಯುದ್ದಕ್ಕೂ 12 ಮಿಮೀ ಪ್ಲೈವುಡ್ ಹಾಸಿ, ಒಂದರ ತುದಿ ಇನ್ನೊಂದಕ್ಕೆ ತಾಗಿಕೊಂಡಿರಲಿ. ಮೂರು ತುಂಡಿನ ಟೇಬಲ್ ಆಗಿದ್ದರೆ ಚಕ್ರ ಒಂದು ಸಂದಿನಲ್ಲಿ ಕುಕ್ಕಿದರೂ ಮೇಣದ ಜೋಡಣೆ ಬಿಡಬಹುದು. ಒಂದೇ ಚಪ್ಪಡಿಗೆ ಆ ಭಯವಿಲ್ಲ.

ಒಂದೇ ಚಪ್ಪಡಿಯ ಟೇಬಲ್: ಪಕ್ಕಕ್ಕೆ ಮಗುಚಿ ಸಾಗಿಸುವುದು

7 ಅಡಿಯ ಟೇಬಲ್ ಇದ್ದವರಿಗೆ ಇದೊಂದು ದೊಡ್ಡ ಅನುಕೂಲ: ಬಟ್ಟೆ ತೆಗೆಯಬೇಕಿಲ್ಲ, ಸಂದು ತುಂಬಬೇಕಿಲ್ಲ, ಹೊಸ ಜಾಗದಲ್ಲಿ ಕಾಲಿನ ತಿರುಪು ತಿರುಗಿಸಿ ಮಟ್ಟ ಮಾಡಿದರೆ ಮುಗಿಯಿತು. ಚೆಂಡು ತೆಗೆದು, ಒಳಗಿನ ಸಡಿಲ ಭಾಗಗಳನ್ನು ಕಟ್ಟಿ, ನೆಲಕ್ಕೆ ದಪ್ಪ ಮೆತ್ತೆ ಹಾಸಿ, ಉದ್ದದ ಬದಿಯ ಮೇಲೆ ಮಗುಚುತ್ತಾರೆ. ಆ ಬದಿಯ ಎರಡು ಕಾಲನ್ನು ಮೊದಲೇ ಕಳಚಿರಬೇಕು, ಅದುವರೆಗೆ ಆ ಬದಿಯನ್ನು ಗಟ್ಟಿ ಮರದ ಆಸರೆ ಹೊತ್ತಿರಬೇಕು. ಮಗುಚಿದ ಮೇಲೆ ಉಳಿದೆರಡು. ನಾಲ್ಕು ಚಕ್ರದ ಗಟ್ಟಿ ಟ್ರಾಲಿಯ ಮೇಲೆ ನಿಲ್ಲಿಸಿ, ರಾಚೆಟ್ ಪಟ್ಟಿಯಿಂದ ಬಿಗಿದು ತಳ್ಳಿ. ನಿಂತಾಗ ಟೇಬಲ್ ಕಿರಿದಾಗುವುದರಿಂದ ಬಾಗಿಲು ದಾಟುತ್ತದೆ.

ಕನಿಷ್ಠ ನಾಲ್ವರು ಬೇಕು, ಅವರಲ್ಲಿ ಒಬ್ಬರ ಕೆಲಸ ಮಾತಾಡುವುದು ಮಾತ್ರ: ಎತ್ತಿ, ನಿಲ್ಲಿ, ಇಳಿಸಿ. ಮೆಟ್ಟಿಲಿಗೆ ಈ ವಿಧಾನ ಬೇಡ. ಹತ್ತಿಪ್ಪತ್ತು ಮೆಟ್ಟಿಲಲ್ಲಿ 250-300 ಕಿಲೋ ಜಾರಿದರೆ ಕೆಳಗೆ ನಿಂತವರಿಗೆ ಓಡಲು ಜಾಗವಿಲ್ಲ.

ನೀವೇ ಬಿಚ್ಚಿ, ನೀವೇ ಜೋಡಿಸುವುದು

ಮೂರು ತುಂಡಿನ ಟೇಬಲ್ ಬೇರೆ ಮನೆಗೋ ಬೇರೆ ಮಹಡಿಗೋ ಹೋಗಬೇಕಾದರೆ ಬಿಚ್ಚದೆ ದಾರಿಯಿಲ್ಲ. ಬಿಚ್ಚುವುದು ಕಷ್ಟದ ಕೆಲಸವೂ ಅಲ್ಲ. ಬೇಕಾದದ್ದು ಇಷ್ಟು: ಸಾಕೆಟ್ ಸ್ಪ್ಯಾನರ್, ಅದಕ್ಕೆ ಉದ್ದ ಕೊಂಡಿ (ಅರ್ಧ ಅಂಗುಲ, 9/16 ಅಂಗುಲದ ಸಾಕೆಟ್‌ಗಳು ಹೆಚ್ಚು ಕಡೆ ಹೊಂದುತ್ತವೆ), ಡ್ರಿಲ್, ಚಪ್ಪಟೆ ಸ್ಕ್ರೂಡ್ರೈವರ್, ಸ್ಟೇಪಲ್ ಕೀಳುವ ಇಕ್ಕಳ, ಮಾರ್ಕರ್, ಜಿಪ್ ಚೀಲಗಳು, ಆರೇಳು ದಪ್ಪ ಕಂಬಳಿ. ಪ್ರತಿ ಹಂತಕ್ಕೂ ಫೋಟೋ ತೆಗೆಯುತ್ತಾ ಹೋಗಿ.

ಪಾಕೆಟ್‌ನಿಂದ ಶುರು. ಚರ್ಮವನ್ನು ಹಿಡಿದ ಮೊಳೆಯನ್ನೋ ಸ್ಟೇಪಲನ್ನೋ ಕೆಳಗಿನಿಂದ ಬಿಡಿಸಿ. ಆಮೇಲೆ ರೇಲ್ ಬೋಲ್ಟ್‌ಗಳು, ಸಾಮಾನ್ಯವಾಗಿ ಆರು ರೇಲ್‌ಗೆ ಮೂರರಂತೆ ಹದಿನೆಂಟು, ಅವೂ ಕೆಳಗಿನಿಂದಲೇ. ಕೊನೆಯ ಬೋಲ್ಟ್ ಬಿಚ್ಚುವಾಗ ಮೇಲೆ ಒಬ್ಬರು ರೇಲ್ ಹಿಡಿದಿರಲಿ. ಪ್ರತಿ ರೇಲ್‌ನ ಅಡಿಯಲ್ಲೂ ಅದರ ಜಾಗದ ನಂಬರ್ ಬರೆಯಿರಿ. ನಂತರ ಬಟ್ಟೆ.

ಬಟ್ಟೆ ಹೋದ ಮೇಲೆ ಕಲ್ಲು ಬರಿದಾಗಿ ಕಾಣುತ್ತದೆ, ಆದರೆ ಸ್ಕ್ರೂ ಕಾಣುವುದಿಲ್ಲ. ಅವುಗಳ ತಲೆ ಕಲ್ಲಿನೊಳಗೆ ಇಳಿದು, ಮೇಲೆ ಮೇಣವೋ ಪುಟ್ಟಿಯೋ ತುಂಬಿರುತ್ತದೆ. ಬೆರಳು ಸವರಿದರೆ ನುಣುಪಿನ ಬಿಲ್ಲೆಗಳು ತಿಳಿಯುತ್ತವೆ. ಸಣ್ಣ ಉಳಿಯಿಂದ ಕೆರೆದು ತೆಗೆದು, ಸ್ಕ್ರೂ ತಲೆಯ ಕಚ್ಚು ಪೂರ್ತಿ ಸ್ವಚ್ಛವಾದ ಮೇಲೆಯೇ ಡ್ರಿಲ್ ಹಚ್ಚಿ. ಅರ್ಧಂಬರ್ಧ ಕೆರೆದು ತಿರುಗಿಸಿದರೆ ತಲೆ ಸವೆಯುತ್ತದೆ, ಆಮೇಲೆ ಕೊರೆದು ತೆಗೆಯುವ ಗೋಳು. ಒಂದು ಸ್ಕ್ರೂ ಮರೆತು ಕಲ್ಲನ್ನು ಮೀಟಿದರೆ ಅದೇ ತೂತಿನ ಸುತ್ತ ಕಲ್ಲು ಸಿಡಿಯುತ್ತದೆ, ಆದ್ದರಿಂದ ಎತ್ತುವ ಮೊದಲು ಎಣಿಸಿ.

ಈಗ ಕಲ್ಲು. ಸ್ಲೇಟ್ ಪದರಪದರವಾದ ಶಿಲೆ. ಅಂಚಿನ ಮೇಲೆ ನಿಂತಾಗ ಗಟ್ಟಿ, ಅಡ್ಡ ಹಿಡಿದಾಗ ದುರ್ಬಲ. ಎರಡು ತುದಿಯಲ್ಲಿ ಇಬ್ಬರು ಹಿಡಿದು ಹಲಗೆಯಂತೆ ಅಡ್ಡ ಹೊತ್ತರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ, ಪಾಕೆಟ್ ಕೊರೆತದ ಹತ್ತಿರವೋ ಬೋಲ್ಟ್ ತೂತಿನಿಂದಲೋ ಬಿರುಕು ಓಡುತ್ತದೆ. ಹಾಗಾಗಿ ಯಾವಾಗಲೂ ನಿಲ್ಲಿಸಿಯೇ ಹೊರಬೇಕು. ತುದಿಯ ತುಂಡನ್ನು ಚೌಕಟ್ಟಿನಿಂದ ಒಂದಿಷ್ಟು ಹೊರಕ್ಕೆ ಜಾರಿಸಿ, ಅಲ್ಲಿಂದ ಮೇಲಕ್ಕೆ ತಿರುಗಿಸಿ ನಿಲ್ಲಿಸಿ. ಯಾವ ಅಂಚಿನ ಮೇಲೆ ನಿಲ್ಲಿಸುತ್ತೀರಿ ಎಂಬುದೂ ಮುಖ್ಯ. ನಡುವಿನ ತುಂಡಿಗೆ ಕೂಡುವ ಅಂಚು ನೆಲಕ್ಕೆ ತಾಗಬಾರದು, ಅಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿದರೂ ಮುಂದೆ ಚೆಂಡು ಅಲ್ಲಿ ಟಿಕ್ ಎನ್ನುತ್ತದೆ. ಹೊರ ಅಂಚು ಹೇಗೂ ರೇಲ್ ಕೆಳಗೆ ಅಡಗುತ್ತದೆ, ಅದರ ಮೇಲೆ ನಿಲ್ಲಿಸಿ. ಅಡಿಗೆ ಎರಡು ಮರದ ತುಂಡನ್ನು ಒಳಗೆ ಸರಿಸಿ ಇಟ್ಟು, ಪಾಕೆಟ್ ಕೊರೆತದ ಚೂಪುಗಳು ಗಾಳಿಯಲ್ಲಿರುವಂತೆ ನೋಡಿಕೊಳ್ಳಿ. ನಡುವಿನ ತುಂಡಿಗೆ ಎರಡೂ ಉದ್ದಂಚು ಜೋಡಣೆಯವೇ, ಹಾಗಾಗಿ ಅದಕ್ಕೆ ಎಲ್ಲಕ್ಕಿಂತ ದಪ್ಪ ಮೆತ್ತೆ.

70 ಕಿಲೋ ತುಂಡನ್ನು ಸಮನೆಲದಲ್ಲಿ ಇಬ್ಬರು ಗಟ್ಟಿಗರು ಹೊರುತ್ತಾರೆ. ಮೆಟ್ಟಿಲಲ್ಲಿ ಮೂವರು ಬೇಕು, ಹೊರುವ ಪಟ್ಟಿಯೂ ಬೇಕು. ಗಾಡಿಯಲ್ಲಿ ಬದಿಗೆ ತುಸು ಒರಗಿಸಿ ನಿಲ್ಲಿಸಿ, ತುಂಡುಗಳ ನಡುವೆ ಕಂಬಳಿ ಕೊಟ್ಟು ಬಿಗಿದು ಕಟ್ಟಿ. ಮಲಗಿಸಿ ಮೇಲೆ ಸೋಫಾ ಪೇರಿಸುವುದು ಬೇಡವೇ ಬೇಡ. ಮೂರೂ ತುಂಡು ಒಟ್ಟಿಗೆ ಉಜ್ಜಿ, ಒಟ್ಟಿಗೆ ತೂತು ಕೊರೆದ ಜೋಡಿ. ಒಂದು ಒಡೆದರೆ ಅದೊಂದನ್ನೇ ತಂದು ಹೊಂದಿಸುವುದು ಬಹುತೇಕ ಆಗದ ಮಾತು, ಇಡೀ ಸೆಟ್ ಕೊಳ್ಳಬೇಕಾಗುತ್ತದೆ.

ಇಲ್ಲಿಯವರೆಗಿನದು ಒಂದು ದಿನದ ಕೆಲಸ, ಎಚ್ಚರವಿದ್ದರೆ ಯಾರಾದರೂ ಮಾಡಿಯಾರು. ಜೋಡಿಸುವುದು ಬೇರೆಯೇ. ಚೌಕಟ್ಟನ್ನು ಮೊದಲು ಮಟ್ಟ ಮಾಡಿ, ನಡುವಿನ ತುಂಡನ್ನು ಕೂರಿಸಿ, ತುದಿಯ ಎರಡನ್ನೂ ಅದಕ್ಕೆ ಸಮ ತರಬೇಕು. ಕಲ್ಲಿಗೂ ಚೌಕಟ್ಟಿಗೂ ನಡುವೆ ತೆಳು ಬೆಣೆಯನ್ನೋ ಇಸ್ಪೀಟು ಎಲೆಯನ್ನೋ ತೂರಿಸಿ ಏರಿಸುತ್ತಾರೆ. ಸಂದಿನ ಮೇಲೆ ಉಗುರು ಎಳೆದರೆ ಎರಡೂ ದಿಕ್ಕಿನಲ್ಲಿ ಸಿಕ್ಕಬಾರದು. ಒಂದು ಸ್ಕ್ರೂ ಬಿಗಿದರೆ ಇನ್ನೊಂದು ಮೂಲೆ ಏಳುತ್ತದೆ, ಅದನ್ನು ಬಿಗಿದರೆ ಮೊದಲಿನದು. ಹೊಸಬರಿಗೆ ಇದರಲ್ಲೇ ಅರ್ಧ ದಿನ ಹೋಗುತ್ತದೆ. ಆಮೇಲೆ ಜೇನುಮೇಣ ಕರಗಿಸಿ (62-64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ) ಸಂದಿಗೆ ಸುರಿದು, ತಣಿದ ಮೇಲೆ ನೇರ ಅಲಗಿನಿಂದ ಕಲ್ಲಿನ ಮಟ್ಟಕ್ಕೆ ಕೆರೆಯಬೇಕು. ಕಲ್ಲು ತಣ್ಣಗಿದ್ದರೆ ಮೇಣ ಒಳಗಿಳಿಯದೆ ಮೇಲೇ ಹೆಪ್ಪುಗಟ್ಟುತ್ತದೆ, ಸಂದನ್ನು ಮೊದಲು ತುಸು ಬಿಸಿ ಮಾಡಿ. ಕೊನೆಗೆ ಬಟ್ಟೆ: ಒಂದು ಕಡೆ ಬಿಗಿ, ಒಂದು ಕಡೆ ಸಡಿಲವಾದರೆ ಚೆಂಡಿನ ವೇಗವೇ ಎರಡು ಥರ.

ಖರ್ಚಿನಲ್ಲಿ ಇದು ಅಗ್ಗ. ಆದರೆ ಒಳ್ಳೆಯ ಲೆವೆಲ್ ಕೊಳ್ಳಬೇಕಾದರೆ, ಬಟ್ಟೆ ಒಂದು ಸಲ ಹಾಳಾದರೆ, ಆ ಅಗ್ಗ ಕರಗುತ್ತದೆ. ಒಂದು ಎಚ್ಚರಿಕೆ: ಮರದ ಪುಡಿಯ ಹಲಗೆಯಲ್ಲಿ ಚೌಕಟ್ಟು ಮಾಡಿದ ಅಗ್ಗದ ಟೇಬಲ್‌ಗಳಲ್ಲಿ ಸ್ಕ್ರೂ ಒಮ್ಮೆ ಬಿಚ್ಚಿದರೆ ಅದೇ ತೂತಿನಲ್ಲಿ ಮತ್ತೆ ಹಿಂದಿನಂತೆ ಕಚ್ಚುವುದಿಲ್ಲ. ಅಂಥವನ್ನು ಪದೇಪದೇ ಬಿಚ್ಚಬೇಡಿ.

ಅರ್ಧ ನೀವು, ಅರ್ಧ ಅವರು

ನಡುವಿನ ಈ ದಾರಿಯನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ, ಆದರೆ ಮಧ್ಯಮ ಬಜೆಟ್ಟಿಗೆ ಇದೇ ಸರಿ. ನೀವೇ ಬಿಚ್ಚಿ, ಹೊತ್ತು, ಹೊಸ ಕೋಣೆಯಲ್ಲಿ ಕಲ್ಲುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಕೂರಿಸುವುದಕ್ಕೆ ಮಾತ್ರ ಗೊತ್ತಿದ್ದವರನ್ನು ಕರೆಸಿ. ದೂರದ ಊರಿಗೆ ಹೋಗುವವರಿಗೂ ಇದು ಅನುಕೂಲ, ಇಲ್ಲಿಯ ತಂಡವನ್ನು ಅಲ್ಲಿಯವರೆಗೆ ಒಯ್ಯಬೇಕಿಲ್ಲ. ತೊಡಕು ಒಂದೇ: ಕಲ್ಲಿನಲ್ಲಿ ಬಿರುಕು ಕಂಡರೆ ಅದು ನಿಮ್ಮ ತಲೆಗೆ. ಜೊತೆಗೆ ಒಂದು ಬೋಲ್ಟ್ ಕಳೆದಿದ್ದರೂ ಅವರ ದಿನ ಹಾಳು, ಕೂಲಿ ನಿಮ್ಮದು. ನಂಬರ್ ಹಾಕಿದ ಚೀಲಗಳ ಬೆಲೆ ಆಗ ತಿಳಿಯುತ್ತದೆ.

ಪೂರ್ತಿ ಅವರಿಗೇ ಬಿಡುವುದು

ಮೆಟ್ಟಿಲಿದ್ದರೆ, 9 ಅಡಿಯ ಟೇಬಲ್ ಆದರೆ, ಬೆನ್ನು ನೋವಿನವರಾದರೆ ಬೇರೆ ಯೋಚನೆ ಬೇಡ. ಅನುಭವಿ ತಂಡ ಒಂದೆರಡು ಗಂಟೆಯಲ್ಲಿ ಬಿಚ್ಚುತ್ತದೆ, ಮೂರು ನಾಲ್ಕು ಗಂಟೆಯಲ್ಲಿ ಕೂರಿಸುತ್ತದೆ. ಎಲ್ಲಕ್ಕಿಂತ ದುಬಾರಿ, ನಿಜ. ಹೊಸ ಬಟ್ಟೆಯನ್ನೂ ಅದೇ ಸಲ ಹಾಕಿಸಿದರೆ ಲೆಕ್ಕ ಸ್ವಲ್ಪ ಸರಿಹೋಗುತ್ತದೆ.

ಮನೆಸಾಮಾನು ಸಾಗಿಸುವ ಪ್ಯಾಕರ್ಸ್‌ನವರನ್ನು ಇವರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಬೀರು, ಫ್ರಿಜ್ಜು ಹೊರುವುದರಲ್ಲಿ ಅವರು ನಿಪುಣರಿರಬಹುದು, ಆದರೆ ಸ್ಲೇಟನ್ನು ಮಲಗಿಸಿಯೇ ಗಾಡಿಗೆ ಹಾಕುವವರೂ ಅವರಲ್ಲೇ ಇದ್ದಾರೆ. ಬಿಚ್ಚಿ ಕಟ್ಟಿಟ್ಟ ತುಂಡುಗಳನ್ನು ನಿಮ್ಮ ಕಣ್ಣೆದುರು ನಿಲ್ಲಿಸಿ ಒಯ್ಯುವುದಕ್ಕೆ ಮಾತ್ರ ಅವರನ್ನು ಬಳಸಿ. ಕಲ್ಲು ಒಡೆದರೆ ವಿಮೆ ಕೊಡುತ್ತದೆಯೇ ಎಂಬುದು ಬಾಯಿಮಾತಲ್ಲ, ಬರಹದಲ್ಲಿರಲಿ.

ಇಲ್ಲಿಯೇ ಬಿಟ್ಟು ಹೋಗುವುದು

ಇದೂ ಒಂದು ಆಯ್ಕೆ. 19 ಮಿಮೀ ಕಲ್ಲು, ಮರದ ಪುಡಿಯ ಹಲಗೆಯ ಚೌಕಟ್ಟು, ಸವೆದ ಬಟ್ಟೆ, ಗಟ್ಟಿಯಾದ ರಬ್ಬರ್, ಈ ನಾಲ್ಕೂ ಕೂಡಿದ್ದರೆ ಸಾಗಿಸುವ ಖರ್ಚಿಗೆ ಟೇಬಲ್ ಬಾಳುವುದಿಲ್ಲ. ಮನೆಗೆ ಬರುವವರಿಗೇ ಮಾರಿ, ಹೊಸ ಊರಿನಲ್ಲಿ ಕೂರಿಸುವುದನ್ನೂ ಸೇರಿಸಿ ಕೊಡುವವರಿಂದ ಬೇರೆಯದನ್ನು ಕೊಳ್ಳಿ. ಗಟ್ಟಿ ಮರದ ಚೌಕಟ್ಟು, 25 ಮಿಮೀ ಕಲ್ಲು ಇದ್ದರೆ ಬಟ್ಟೆ ಎಷ್ಟೇ ಹರಿದಿರಲಿ, ಬಿಡಬೇಡಿ.

ಯಾರಿಗೆ ಯಾವುದು

ಗೋಡೆಯಿಂದ ಎರಡಡಿ ಈಚೆಗೆ ತರಬೇಕಷ್ಟೇ ಅನ್ನುವವರು ಜಾಕ್, ಜಾರುಬಿಲ್ಲೆ ತಂದು ಈ ವಾರವೇ ಮುಗಿಸಿ. 7 ಅಡಿಯ ಒಂದೇ ಚಪ್ಪಡಿ, ಮೆಟ್ಟಿಲಿಲ್ಲ, ನಾಲ್ವರು ಗೆಳೆಯರು: ಮಗುಚಿ ಟ್ರಾಲಿಗೆ ಹಾಕಿ. 8 ಅಡಿ, ಮೂರು ತುಂಡು, ಬೇರೆ ಮನೆ, ಬಟ್ಟೆ ಹೊಸದು, ಕೈಗೆ ಸಮಯವಿದೆ, ಹಣ ಬಿಗಿ: ಅರ್ಧ-ಅರ್ಧ. ಅದೇ ಟೇಬಲ್, ಮಹಡಿಯ ಮೇಲೆ, ಬಟ್ಟೆ ಹಳೆಯದು: ಪೂರ್ತಿ ಅವರಿಗೆ ಕೊಡಿ, ಬಟ್ಟೆ ಸಮೇತ. ಎಲ್ಲವನ್ನೂ ಸ್ವಂತವಾಗಿ ಮಾಡುವ ದಾರಿ, ಲೆವೆಲ್ ಹಿಡಿಯುವ ಅಭ್ಯಾಸ ಮೊದಲೇ ಇದ್ದವರಿಗೆ ಅಥವಾ ಓರೆಯಾದರೂ ಬೇಸರವಿಲ್ಲದವರಿಗೆ ಮಾತ್ರ.

ಕೂರಿಸುವವರಿಗೆ ಫೋನ್ ಮಾಡಿದಾಗ ದರ ಕೇಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಎಂಥ ಲೆವೆಲ್ ಬಳಸುತ್ತೀರಿ, ಸಂದಿಗೆ ಏನು ತುಂಬುತ್ತೀರಿ, ಎಷ್ಟು ಜನ ಬರುತ್ತೀರಿ, ಎರಡು ವಾರ ಬಿಟ್ಟು ಮತ್ತೆ ಬಂದು ಮಟ್ಟ ನೋಡುತ್ತೀರಾ? ಕೊನೆಯದು ಸುಮ್ಮನೆ ಕೇಳುವುದಲ್ಲ. ಹೊಸ ನೆಲ ಭಾರಕ್ಕೆ ಕೂರಲು, ಕಾರ್ಪೆಟ್ ಆದರೆ ಕಾಲು ಅದರೊಳಗೆ ಇಳಿಯಲು ಅಷ್ಟು ದಿನ ಬೇಕು. ಅವರು ಬರುವುದಿಲ್ಲವೆಂದರೆ ನೀವೇ ಪರೀಕ್ಷಿಸಿ: ಚೆಂಡನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ, ಎದುರಿನ ರೇಲ್ ಮುಟ್ಟುವಷ್ಟೇ ವೇಗದಲ್ಲಿ ಬಿಡಿ. ಜೋರಾಗಿ ಹೊಡೆದ ಚೆಂಡು ಓರೆಯನ್ನು ಮುಚ್ಚಿಡುತ್ತದೆ. ಇನ್ನೇನು ನಿಲ್ಲಬೇಕು ಅನ್ನುವ ಚೆಂಡು ಅದನ್ನು ತೋರಿಸುತ್ತದೆ.